ದಯಾಮಣಮ್ಮನ ಆರಡಿ ಮೂರಡಿ

ಈ ಊರಿನಲ್ಲಿ ದಯಾಮಣಮ್ಮ ತನ್ನದು ಎಂದು ಹೇಳಿಕೊಳ್ಳಬಹುದಾದ ನೆಲ ಇದ್ದದ್ದು ಒಂದೇ ಕಡೆ. ಬಿನ್ನಿಪೇಟೆಯ ಆಚೆಗೆ, ಆಕೆಯ ಚರ್ಚಿನ ಸಭೆಯ ಹಳೆಯ ಸಮಾಧಿ ತೋಟದಲ್ಲಿ, ಗಂಡ ಜಯಶೀಲ ಮಲಗಿದ್ದ ಗುಂಡಿ. ಅವನು ತೀರಿಕೊಂಡಾಗಲೇ ಹೇಳಿ ಆಳವಾಗಿ ತೋಡಿಸಿದ್ದಳು. ಕೆಳಗೆ ಅವನು, ಮೇಲೆ ಮುಂದೊಂದು ದಿನ ತಾನು. ಊರು ಬೆಳೆದು ಸತ್ತವರಿಗೂ ಜಾಗವಿಲ್ಲದಂತಾದ ಮೇಲೆ ಇಲ್ಲಿನ ಕ್ರೈಸ್ತರಲ್ಲಿ ಇದು ರೂಢಿ. ಒಂದೇ ಮನೆಯವರು ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರು ಮಲಗುತ್ತಾರೆ. ಕಲ್ಲಿನ ಮೇಲೆ ಜಯಶೀಲನ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಖಾಲಿ ಬಿಡಿಸಿದ್ದಳು. ಕೆತ್ತುವವನು, “ಇಲ್ಲೊಂದು ಹೂವು ಕೆತ್ತಲಾಮ್ಮ, ಬೋಳಾಗಿ ಕಾಣುತ್ತೆ” ಎಂದಾಗ, “ಬೇಡಪ್ಪ, ಅಲ್ಲಿಗೆ ನಾನು ಬರ್ತೀನಿ” ಎಂದಿದ್ದಳು.

ಬದುಕಿದ್ದವರ ಊರಿನಲ್ಲಿ ಆಕೆಗೆ ಯಾರೂ ಅಷ್ಟು ಜಾಗ ಬಿಟ್ಟಿರಲಿಲ್ಲ. ಜಯಶೀಲ ಮಿಲ್ಲಿನಲ್ಲಿ ಮಗ್ಗದ ಕೆಲಸದವನು. ಮಿಲ್ಲು ಮುಚ್ಚಿ ಅದರ ಸಾಲುಮನೆ ಬಿಟ್ಟ ಮೇಲೆ ಗಂಡ ಹೆಂಡತಿ ಬಾಡಿಗೆ ಪೋರ್ಶನ್‌ಗಳ ಪಾಲಾದರು. ವಿಜಯನಗರದಲ್ಲಿ ಮಹಡಿಯ ಮೇಲಿನ ಶೀಟಿನ ಕೋಣೆ, ಬಸವೇಶ್ವರನಗರದಲ್ಲಿ ಹಿತ್ತಲ ಕಡೆಯ ಎರಡು ರೂಮು, ಮತ್ತೆ ಬೇರೆ, ಮತ್ತೆ ಬೇರೆ. ‘ಮನೆ ಬಾಡಿಗೆಗಿದೆ’ ಬೋರ್ಡು ನೋಡಿ ಗೇಟು ತಟ್ಟಿದರೆ ಮನೆಯಾಕೆ ನಗುತ್ತ ಬರುತ್ತಾಳೆ. ಬಿಸಿಲಲ್ಲಿ ಬಂದಿರಿ, ನೀರು ಕೊಡಲಾ ಎನ್ನುತ್ತಾಳೆ. ಹೆಸರು ಕೇಳುತ್ತಾಳೆ. ಹೆಸರು ಹೇಳಿದ ಮೇಲೂ ನಗು ಹಾಗೇ ಇರುತ್ತದೆ, ಮನೆ ಮಾತ್ರ ಇರುವುದಿಲ್ಲ. “ಅಯ್ಯೋ, ಬೆಳಿಗ್ಗೆ ತಾನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋದ್ರು ಕಣ್ರೀ.” ಆ ಬೋರ್ಡು ಮುಂದಿನ ತಿಂಗಳೂ ಅಲ್ಲೇ ತೂಗಾಡುತ್ತಿರುತ್ತದೆ. ಬಡಾವಣೆಗೆ ಬಸವಣ್ಣನ ಹೆಸರು, ಗೇಟಿನಲ್ಲಿ ಜಾತಿಯ ವಿಚಾರಣೆ.

ಜಯಶೀಲ ಇದನ್ನೆಲ್ಲ ನಕ್ಕು ಕಳೆಯುತ್ತಿದ್ದ. “ಬಿಡೇ, ಬೇತ್ಲೆಹೇಮಲ್ಲಿ ಹುಟ್ಟೋವಾಗ ಸ್ವಾಮಿಗೇ ಒಂದು ಪೋರ್ಶನ್ ಸಿಗಲಿಲ್ಲ. ನಮ್ಮದೇನು ಮಹಾ.”

ಅವನಿಗೆ ನಗು ಬರುತ್ತಿತ್ತು, ಅವನು ಹೋದ. ಉಳಿದವಳಿಗೆ ಉಳಿದದ್ದು ಆ ಗುಂಡಿಯ ಹಂಬಲ. ಮಕ್ಕಳಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸೀರೆಗೆ ಫಾಲ್ಸ್ ಹಚ್ಚುತ್ತ ಕೂತವಳು, ಕಣ್ಣು ಸೋತಾಗ ಸೂಜಿ ಬಟ್ಟೆಗೆ ಚುಚ್ಚಿಟ್ಟು, ಆ ಮಣ್ಣಿನ ತಂಪನ್ನು ನೆನೆಯುತ್ತಿದ್ದಳು. ಅಲ್ಲಿ ಅವನ ಎದೆಯ ಮೇಲೆ ತಲೆಯಿಟ್ಟಂತೆ ಮಲಗಬಹುದು. ಯಾರೂ ಬಂದು ಹೆಸರು ಕೇಳುವುದಿಲ್ಲ.

ಭಾನುವಾರ ಸಭೆಯಲ್ಲಿ ಹೊಸದಾಗಿ ಬಂದ ಪಾದ್ರಿ ಅಯ್ಯನವರು ನಿತ್ಯಜೀವದ ಮೇಲೆ ಕಣ್ಣಿಟ್ಟು ಬದುಕುವುದು ಹೇಗೆ ಎಂದು ವಾರಗಟ್ಟಲೆ ಪ್ರಸಂಗ ಮಾಡಿದರು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೋಡ, ಮೋಡದ ನಡುವೆ ಬಾಗಿಲು. ನಾವು ಇಲ್ಲಿ ದಾರಿಹೋಕರು, ನಮ್ಮ ಊರು ಮೇಲಿದೆ, ಇಲ್ಲಿನದಕ್ಕೆ ಅಂಟಿಕೊಳ್ಳಬೇಡಿ ಎಂದರು. ಸ್ವಂತ ಸೈಟಿನಲ್ಲಿ ಮನೆ ಕಟ್ಟಿದವರು, ಕಟ್ಟಿದ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದವರು ಎಲ್ಲರೂ ಆಮೆನ್ ಎಂದರು. ಆರಾಧನೆ ಮುಗಿದ ಮೇಲೆ ಕಮಿಟಿಯವರು ಸಮಾಧಿ ತೋಟದಲ್ಲಿ ಯಾರ ಕುಟುಂಬ ಗ್ರಾನೈಟ್ ಹಾಕಿಸಬಹುದು, ಯಾರದು ಎಷ್ಟು ಎತ್ತರ ಇರಬಹುದು ಎಂದು ಕಾಫಿ ಕುಡಿಯುತ್ತ ಜಗಳಾಡಿದರು. ದಯಾಮಣಮ್ಮನೂ ಆಮೆನ್ ಎಂದಿದ್ದಳು. ತಾನು ಯಾವುದಕ್ಕೂ ಅಂಟಿಕೊಂಡವಳಲ್ಲ ಎಂದೇ ಆಕೆ ತಿಳಿದಿದ್ದಳು. ಅಂಟಿಕೊಳ್ಳಲು ಏನಿತ್ತು?

ಮೂಡಲಪಾಳ್ಯದಲ್ಲಿ ಆಕೆ ಈಗಿದ್ದ ಪೋರ್ಶನ್ ಮುನಿತಾಯಮ್ಮನದು. ಮುನಿತಾಯಮ್ಮ ಹಳೆಯ ಊರಿನ ಒಕ್ಕಲು ಮನೆಯಾಕೆ, ವಿಧವೆ. ಒಂದು ಕಾಲದಲ್ಲಿ ಅವರ ರಾಗಿ ಹೊಲ ಇದ್ದಲ್ಲೇ ಈಗ ಅಡ್ಡರಸ್ತೆಗಳಿವೆ. ಮನೆಯ ಯಜಮಾನಿಕೆ ಮೈದುನ ಕೃಷ್ಣಪ್ಪನದು. ಮಗ ಯೋಗಾನಂದ, ನಲವತ್ತರ ಹತ್ತಿರದವನು, ಮದುವೆಯಾಗಿರಲಿಲ್ಲ. ಶಾಮಿಯಾನದವರಿಗೆ ಟೆಂಪೋ ಓಡಿಸುತ್ತಿದ್ದ. ಕುಡಿಯುತ್ತಿದ್ದ, ಆದರೆ ಕುಡಿದಾಗ ಜಗಳವಾಡದೆ ಅಳುತ್ತಿದ್ದ. ದಯಾಮಣಮ್ಮನನ್ನು ದೊಡ್ಡಮ್ಮ ಎನ್ನುತ್ತಿದ್ದ.

ಸ್ವಾಮಿ ಸತ್ತ ಮೂರನೇ ದಿನ ಎದ್ದುಬಂದ ಹಬ್ಬವಾದ ಈಸ್ಟರಿನ ಹಿಂದಿನ ದಿನ ಸಮಾಧಿಗಳಿಗೆ ಸುಣ್ಣ ಬಳಿಯುವುದು ಇವರ ಪದ್ಧತಿ. ಮರುದಿನ ಬೆಳಕು ಹರಿಯುವ ಮುಂಚೆ ಎಲ್ಲರೂ ಅಲ್ಲೇ ಸೇರಿ ಹಾಡುತ್ತಾರೆ. ಒಂದು ವರ್ಷ ಸುಣ್ಣದ ಬಕೆಟ್ಟು ಹಿಡಿದು ಬಸ್ಸಿಗೆ ಕಾಯುತ್ತಿದ್ದ ಆಕೆಯನ್ನು ಯೋಗಾನಂದ ಟೆಂಪೋದಲ್ಲಿ ಕೂರಿಸಿಕೊಂಡು ಹೋದ. ಬ್ರಷ್ಷನ್ನೂ ತಾನೇ ತೆಗೆದುಕೊಂಡ.

“ಇದೇನ್ ದೊಡ್ಡಮ್ಮ, ಎಲ್ರೂ ಒಂದೇ ಕಡೀಕೆ ಕಾಲು ಚಾಚ್ಕೊಂಡವ್ರೆ?”

“ಪೂರ್ವಕ್ಕೆ ಕಣೋ. ಎದ್ದು ಕೂತ ತಕ್ಷಣ ಎದುರಿಗೆ ಅವನೇ ಕಾಣಬೇಕು.”

“ಯಾರು, ದೊಡ್ಡಪ್ಪನಾ?”

“ನಿಮ್ಮ ದೊಡ್ಡಪ್ಪನ್ನ ನೋಡಕ್ಕೆ ಯಾರು ಏಳ್ತಾರೆ. ಸ್ವಾಮಿ ಬರೋದು ಆ ಕಡೆಯಿಂದ ಅಂತ ನಂಬಿಕೆ.”

ಅವನು ನಗಲಿಲ್ಲ. ಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಾಲುಸಾಲು ಸಮಾಧಿಗಳನ್ನು ನೋಡುತ್ತ ನಿಂತ. “ಇಷ್ಟು ಜನ ಏಳ್ತೀವಿ ಅಂತ ಮಲಗವ್ರಾ? ನಮ್ಮೋರು ಹೋದ್ರೆ ಹೋದಂಗೆ ಅಂತಾರೆ” ಎಂದ.

ಅಲ್ಲಿಂದ ಶುರುವಾಯಿತು. ಸಂಜೆ ಬಂದು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ಆಕೆ ತನಗೆ ತಿಳಿದಷ್ಟು ಹೇಳುತ್ತಿದ್ದಳು, ತಿಳಿಯದಿದ್ದರೆ ತಿಳಿಯದು ಎನ್ನುತ್ತಿದ್ದಳು. ಅವನು ಆಕೆಯ ಸಭೆಗೆ ಬರಲಿಲ್ಲ. ಅಲ್ಲಿನ ಇಸ್ತ್ರಿ ಮಾಡಿದ ಜನ ನೋಡಿ ಹೆದರಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಪ್ರಾರ್ಥನಾ ಹಾಲಿಗೆ ಹೋಗತೊಡಗಿದ. ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು, ಒಬ್ಬ ಚಿಕ್ಕ ವಯಸ್ಸಿನ ಪಾಸ್ಟರ್. ಕುಡಿಯುವುದು ಬಿಟ್ಟ. ದೀಕ್ಷಾಸ್ನಾನ ಆಯಿತು.

ಕುಡಿಯುವ ಮಗನನ್ನು ವರ್ಷಗಟ್ಟಲೆ ಸಹಿಸಿದ್ದ ತಾಯಿಗೆ ಕುಡಿಯದ ಮಗನನ್ನು ಸಹಿಸಲಾಗಲಿಲ್ಲ. ಮನೆದೇವರ ತಂಬಿಟ್ಟಿನಾರತಿಗೆ ಅವನು ತೆಂಗಿನಕಾಯಿ ಹಿಡಿಯಲಿಲ್ಲವೆಂದು ಗೊತ್ತಾದ ದಿನ ಮುನಿತಾಯಮ್ಮ ದಯಾಮಣಮ್ಮನ ಬಾಗಿಲಿಗೆ ಬಂದು ನಿಂತಳು.

“ಏನ್ ಕಣಮ್ಮಿ, ಬಾಡಿಗೆಗೆ ಅಂತ ಬಂದು ಮಗನ್ನೇ ತಕ್ಕೊಂಡ್ಬುಟ್ಯಲ್ಲ.”

“ನಾನು ತಗೊಂಡಿಲ್ಲ ಮುನಿತಾಯಕ್ಕ. ಅವನು ಕೇಳ್ದ, ನಾನು ಹೇಳ್ದೆ.”

“ಸತ್ರೆ ನಂಗೆ ಮಣ್ಣಾಕಕ್ಕೆ ಒಬ್ನೇ ಒಬ್ನಿದ್ದ. ಈಗ ಅವ್ನು ನನ್ನ ಎಡೆಗೂ ಬರಾಕಿಲ್ಲ. ನಿಂಗೇನ್ ಗೊತ್ತು, ನೀನು ಹೆತ್ತವ್ಳಾ?”

ದಯಾಮಣಮ್ಮ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಬೇರೆ ಮನೆ ನೋಡ್ಕೊ” ಎಂದು ಮುನಿತಾಯಮ್ಮ ಹೊರಟಳು.

ಬೇರೆ ಮನೆ ನೋಡುವ ಮೊದಲೇ ಯೋಗಾನಂದನ ಮುಖ ಊದಿಕೊಂಡಿತು. ಕುಡಿತವನ್ನು ಅವನು ಬಿಟ್ಟಿದ್ದ, ಕುಡಿತ ಅವನನ್ನು ಬಿಟ್ಟಿರಲಿಲ್ಲ. ಮೊದಲು ಲಿವರ್, ಆಮೇಲೆ ಕಿಡ್ನಿ. ಇಬ್ಬರು ಹೆಂಗಸರೂ ಮಾತು ಬಿಟ್ಟು, ಆಸ್ಪತ್ರೆಗೆ ಸರದಿಯಲ್ಲಿ ಹೋಗಿ ಬಂದರು. ಒಬ್ಬಳು ರಾಗಿ ಗಂಜಿ ಒಯ್ದರೆ ಇನ್ನೊಬ್ಬಳು ಒಗೆದ ಬಟ್ಟೆ. ಒಂದು ಮಧ್ಯಾಹ್ನ ಯೋಗಾನಂದ ದಯಾಮಣಮ್ಮನ ಸೆರಗು ಹಿಡಿದುಕೊಂಡ.

“ದೊಡ್ಡಮ್ಮ, ನನ್ನ ಕರೆಂಟ್ ಸ್ಮಶಾನಕ್ಕೆ ಹಾಕಕ್ಕೆ ಬಿಡಬೇಡಿ.”

“ಆ ಮಾತು ಯಾಕೆ ಈಗ. ಸುಟ್ರೂ ಹೂತ್ರೂ ದೇವರಿಗೆ ಎಬ್ಬಿಸೋದು ಕಷ್ಟ ಏನಲ್ಲ.”

“ದೇವ್ರಿಗೆ ಕಷ್ಟ ಇಲ್ಲ, ನಂಗೊತ್ತು. ನಮ್ಮವ್ವಂಗೆ ಕಷ್ಟ. ಅವ್ಳಿಗೆ ಬಂದು ಕೂತ್ಕೊಂಡು ಬಯ್ಯಕ್ಕೆ ಒಂದು ಜಾಗ ಬೇಕು. ಮನೇಲಿ ಇದ್ದಾಗ್ಲೂ ಬಯ್ದೇ ಅನ್ನ ಹಾಕ್ತಿದ್ಲು.”

ಆಕೆ ಹೂಂ ಎಂದಳು. ರೋಗಿಗೆ ಎಲ್ಲರೂ ಹೂಂ ಅನ್ನುತ್ತಾರೆ.

ಅವನು ಒಂದು ಬೆಳಿಗ್ಗೆ ಹೋದ. ದೇಹ ಮನೆಗೆ ಬಂತು. ಅಂಗಳದಲ್ಲಿ ಜನ ಸೇರಿದರು. ಪ್ರಾರ್ಥನಾ ಹಾಲಿನ ಪಾಸ್ಟರ್ ಗೋಡೆಗೊರಗಿ ನಿಂತು ಫೋನ್ ಮೇಲೆ ಫೋನ್ ಮಾಡಿದ. ಎಲ್ಲ ಕಡೆ ಒಂದೇ ಉತ್ತರ. ನಮ್ಮ ಮೆಂಬರ್ ಅಲ್ಲ, ಜಾಗ ಇಲ್ಲ. ಬಾಡಿಗೆ ಹಾಲಿನ ಸಭೆಗಳಿಗೆ ಸ್ವಂತ ಸಮಾಧಿ ತೋಟ ಎಲ್ಲಿಂದ ಬರಬೇಕು? ಪರಲೋಕಕ್ಕೆ ಚಂದಾ ಇಲ್ಲ ಎಂದು ಸಾರುವವರು ಗುಂಡಿಗೆ ಮಾತ್ರ ಮೆಂಬರ್‌ಶಿಪ್ ಇಟ್ಟಿದ್ದಾರೆ.

“ನಮ್ಮ ಹಿರೀಕರ ತೋಪಲ್ಲೇ ಮಣ್ಣು ಮಾಡಬೋದಿತ್ತಲ್ಲ” ಎಂದು ಯಾರೋ ಮುದುಕರು ಅಂದರು.

ಯಾರೂ ಕೃಷ್ಣಪ್ಪನ ಮುಖ ನೋಡಲಿಲ್ಲ. ಹಿರಿಯರ ಸಮಾಧಿಗಳಿದ್ದ ತೋಪನ್ನು ಅಪಾರ್ಟ್‌ಮೆಂಟಿನವರಿಗೆ ಕೊಟ್ಟವನು ಅವನೇ. ಅವನ ಅಪ್ಪನ ಎದೆಯ ಮೇಲೆ ಈಗ ಕಾರುಗಳು ನಿಲ್ಲುತ್ತವೆ.

“ಅವೆಲ್ಲ ಯಾಕೀಗ. ಹೊತ್ತಾಯ್ತದೆ, ಕರೆಂಟಿಗೆ ಹಾಕಿ ಮುಗ್ಸಾನ. ಜಾತಿ ಬಿಟ್ಟೋನಿಗೆ ಎಲ್ಲಾದ್ರೇನು” ಎಂದ ಕೃಷ್ಣಪ್ಪ.

ಮುನಿತಾಯಮ್ಮ ಅಳುವುದನ್ನು ನಿಲ್ಲಿಸಿದಳು. ಮಗನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡು ಕೂತಳು.

ಬಂದವರಿಗೆ ಕಾಫಿ ಕಾಸಲೆಂದು ದಯಾಮಣಮ್ಮ ತನ್ನ ಅಡಿಗೆಮನೆಗೆ ಬಂದಳು. ಸ್ಟೌವ್ ಹಚ್ಚಿದಳು, ಪಾತ್ರೆ ಇಡುವುದು ಮರೆತಳು. ಆ ಗುಂಡಿಯ ವಿಷಯ ಇಲ್ಲಿ ಯಾರಿಗೂ ಗೊತ್ತಿಲ್ಲ. ಸುಣ್ಣ ಬಳಿದ ದಿನದಿಂದ ಗೊತ್ತಿದ್ದವನು ಒಬ್ಬನೇ, ಅವನು ಅಂಗಳದಲ್ಲಿ ಮಲಗಿದ್ದಾನೆ, ಬದುಕಿದ್ದಾಗಲೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಸುಮ್ಮನಿದ್ದರೆ ಸಾಕು. ಅರ್ಧ ಗಂಟೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ.

ಒಮ್ಮೆ ತೆರೆದ ಗುಂಡಿಯನ್ನು ಹದಿನಾಲ್ಕು ವರ್ಷ ಮುಟ್ಟುವಂತಿಲ್ಲ. ಅದು ಆ ತೋಟದ ನಿಯಮ. ಜಯಶೀಲ ಹೋಗಿ ಆ ಹದಿನಾಲ್ಕು ಎಂದೋ ದಾಟಿತ್ತು. ಆಕೆಗೆ ಎಪ್ಪತ್ತು ದಾಟಿತ್ತು. ಕೊಟ್ಟರೆ ಕೊಟ್ಟಂತೆಯೇ. ಜಯಶೀಲನ ಹತ್ತಿರಕ್ಕೆ ಇನ್ನು ಹೋಗುವಂತಿಲ್ಲ.

ಸುಡಲಿ ಬಿಡು, ದೇವರಿಗೇನು ಕಷ್ಟ ಎಂದಿತು ಮನಸ್ಸು. ನಾನೇ ಅವನಿಗೆ ಹೇಳಿದೆನಲ್ಲ, ಬೂದಿಯಿಂದಲೂ ಎಬ್ಬಿಸುತ್ತಾನೆ. ಎಂಥ ಅನುಕೂಲದ ಮಾತು. ದೇವರ ಶಕ್ತಿಯನ್ನು ನಮ್ಮ ಜಿಪುಣತನಕ್ಕೆ ಹೊದಿಸಿಬಿಟ್ಟರೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಆದರೆ ದಯಾಮಣಮ್ಮ ತನ್ನನ್ನೇ ತಾನು ಅಷ್ಟು ಬೇಗ ಬಿಡುವ ಹೆಂಗಸಲ್ಲ. ಬೂದಿಯಿಂದ ಅವನನ್ನು ಎಬ್ಬಿಸುವುದು ನಿಜವಾದರೆ, ಎಲ್ಲಿ ಹಾಕಿದರೂ ನನ್ನನ್ನು ಎಬ್ಬಿಸುವುದೂ ನಿಜವಾಗಬೇಕು. ಅವನಿಗೆ ಸಾಕೆನಿಸಿದ ದೇವರು ನನಗೆ ಯಾಕೆ ಸಾಕಾಗುತ್ತಿಲ್ಲ? ಪರಲೋಕ ಪರಲೋಕ ಎಂದು ಬಾಯಲ್ಲಿ ಹಾಡುತ್ತ, ಇಷ್ಟು ವರ್ಷ ಆಸೆಪಟ್ಟದ್ದು ಮಣ್ಣಿಗೆ. ಸೈಟು ಮಾಡಿದವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆನಲ್ಲ, ನನ್ನದೂ ಸೈಟೇ.

“ರೀ, ನೀವಾದ್ರೂ ಬೇಡ ಅನ್ನಿ” ಎಂದಳು ಗಂಡನಿಗೆ, ಗಟ್ಟಿಯಾಗಿಯೇ.

ಅವನು ಹಾಗೆನ್ನುವವನಲ್ಲ ಎಂಬುದೇ ಆಕೆಯ ಸಂಕಟ. ಸಾಲುಮನೆಯಲ್ಲಿದ್ದಾಗ ಒಂದೇ ಚಾಪೆಯ ಮೇಲೆ ಊರಿಂದ ಬಂದ ನೆಂಟರನ್ನೆಲ್ಲ ಮಲಗಿಸಿ ತಾನು ಹೊಸ್ತಿಲಲ್ಲಿ ಕೂತು ಬೆಳಗು ಮಾಡುತ್ತಿದ್ದ ಗಂಡಸು.

ಸ್ಟೌವ್ ಆರಿಸಿ, ಸೆರಗು ಸುತ್ತಿಕೊಂಡು, ನಾನು ಬರೋವರೆಗೆ ಎತ್ತಕ್ಕೆ ಬಿಡಬೇಡಿ ಎಂದು ಪಾಸ್ಟರಿಗೆ ಹೇಳಿ, ಆಟೋ ಹಿಡಿದಳು.

ಸಭೆಯ ಆಫೀಸಿನಲ್ಲಿ ಸೆಕ್ರೆಟರಿ ಇದ್ದ. ಬ್ಯಾಂಕಿನಲ್ಲಿ ಕೆಲಸ, ಕೆಟ್ಟವನಲ್ಲ, ಆದರೆ ನಿಯಮ ಎಂದರೆ ಪ್ರಾಣ.

“ಯಾರಾಂಟಿ ತೀರ್ಕೊಂಡಿದ್ದು? ಸಂಬಂಧ ಏನಂತ ಬರೀಲಿ?”

“ಕ್ರಿಸ್ತನಲ್ಲಿ ಮಗ.”

“ಹಂಗೆಲ್ಲ ಬರೆಯಕ್ಕಾಗಲ್ಲ ಆಂಟಿ. ಕ್ರಿಸ್ತನಲ್ಲಿ ಅಂದ್ರೆ ಬೆಂಗಳೂರೆಲ್ಲ ಬರುತ್ತೆ. ರಕ್ತಸಂಬಂಧ ಇರ್ಬೇಕು.”

“ಮಗ ಅಂತ ಸುಳ್ಳು ಬರೆಸ್ಲಾ? ಬರೆಸಿದ್ರೆ ನಿಮಗೆ ಸಮಾಧಾನ ಆಗುತ್ತಾ?”

“ನನಗೆ ಯಾಕಾಂಟಿ ಸುಳ್ಳು. ನಾಳೆ ಕಮಿಟೀಲಿ ನನ್ನನ್ನ ಹುರಿದು ತಿಂತಾರೆ.”

“ಅವನು ನಂಬಿದೋನು. ಮಲಗಿಸಕ್ಕೆ ಜಾಗ ಇಲ್ಲ. ನನ್ನ ಹತ್ರ ಇದೆ. ಇದರಲ್ಲಿ ಕಮಿಟಿಗೆ ಏನು ಅರ್ಥ ಆಗಲ್ಲ ಹೇಳಿ.”

ಮಾತು ಕೇಳಿ ಒಳಗಿನ ಕೋಣೆಯಿಂದ ಅಯ್ಯನವರು ಬಂದರು. ಎಲ್ಲ ಕೇಳಿಸಿಕೊಂಡರು. ತಮ್ಮ ಪ್ರಸಂಗವನ್ನು ಒಬ್ಬರಾದರೂ ನಿಜವೆಂದು ತೆಗೆದುಕೊಂಡಿದ್ದಾರೆ ಎಂದು ಅವರಿಗೆ ತಿಳಿದದ್ದು ಅವತ್ತೇ ಇರಬೇಕು. ಖುಷಿಯಾದಂತೆ ಕಾಣಲಿಲ್ಲ. ಆಕೆಯ ಚಪ್ಪಲಿ ನೋಡುತ್ತಲೇ ಕೇಳಿದರು.

“ಅಮ್ಮ, ಯೋಚ್ನೆ ಮಾಡಿದೀರಾ? ನಾಳೆ ನಿಮಗೆ ಅಂತ ಬಂದ್ರೆ ಹೊಸ ಗುಂಡಿ ಕೊಡಕ್ಕೆ ನಮ್ಮ ಹತ್ರ ಇಲ್ಲ. ನಾನು ಸುಮ್ನೆ ಮಾತಿಗೆ ಹೇಳ್ತಾ ಇಲ್ಲ.”

“ಯೋಚ್ನೆ ಮಾಡಿದ್ರೆ ಕೊಡಕ್ಕಾಗಲ್ಲ ಅಯ್ಯನೋರೇ. ಬೇಗ ಎಲ್ಲಿ ಸೈನ್ ಮಾಡ್ಬೇಕು ತೋರ್ಸಿ.”

ಅಯ್ಯನವರು ಸೆಕ್ರೆಟರಿಯ ಕಡೆ ತಿರುಗಿದರು. “ಕಮಿಟಿಗೆ ನಾನು ಹೇಳ್ತೀನಿ” ಎಂದರು. ಅದಷ್ಟನ್ನು ಹೇಳಲು ಅವರಿಗೂ ಕಷ್ಟವಾಗಿರಬೇಕು.

ಮಧ್ಯಾಹ್ನಕ್ಕೆಲ್ಲ ಗುಂಡಿ ತೆರೆದರು. ತೋಡುವವರು ಕೆಳಗಿನ ಮಣ್ಣನ್ನು ಅಲುಗಿಸದೆ, ಒಂದು ಹಂತಕ್ಕೆ ಬಂದು ನಿಲ್ಲಿಸಿದರು. ದಯಾಮಣಮ್ಮ ಅಂಚಿನಲ್ಲಿ ನಿಂತು ಬಗ್ಗಿ ನೋಡಿದಳು. ಅಷ್ಟು ವರ್ಷಗಳಲ್ಲಿ ಗಂಡನಿಗೆ ಆಕೆ ಇಷ್ಟು ಹತ್ತಿರ ಬಂದಿರಲಿಲ್ಲ. ಇನ್ನು ಬರುವುದೂ ಇಲ್ಲ. ಕೆಂಪು ಮಣ್ಣು ಒದ್ದೆಯಾಗಿ, ತಂಪಾಗಿ, ಆಕೆ ನೆನೆಸಿಕೊಂಡಿದ್ದ ಹಾಗೆಯೇ ಇತ್ತು. ಜಿಗಿದುಬಿಡಬೇಕು ಅನ್ನಿಸಿತು, ಒಂದು ಕ್ಷಣ.

ಪ್ರಾರ್ಥನಾ ಹಾಲಿನವರು ಶ್ರುತಿ ತಪ್ಪಿದರೂ ಜೋರಾಗಿ ಹಾಡಿದರು. ಹಳೆಯ ಸಭೆಯಿಂದ ಬಂದವರು ಅಯ್ಯನವರೊಬ್ಬರೇ. ಕೃಷ್ಣಪ್ಪ ಗೇಟಿನ ಹೊರಗೇ ನಿಂತ, ಒಳಗೆ ಬಂದರೆ ಏನೋ ಅಂಟಿಕೊಳ್ಳುತ್ತದೆ ಎನ್ನುವ ಹಾಗೆ. ಪೆಟ್ಟಿಗೆ ಇಳಿಯುವಾಗ ದಯಾಮಣಮ್ಮ ತುಟಿ ಅಲುಗಿಸಿದಳು. “ರೀ, ಹುಡುಗ ಬಂದಿದಾನೆ. ನಾನು ಬೇರೆ ದಾರೀಲಿ ಬರ್ತೀನಿ.”

ಎಲ್ಲರೂ ಹೋದ ಮೇಲೂ ಇಬ್ಬರು ಹೆಂಗಸರು ಉಳಿದರು. ಮುನಿತಾಯಮ್ಮ ಹಸಿ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮಗನನ್ನು ಬಯ್ದಳು. ಕುಡಿದದ್ದಕ್ಕೆ, ಬಿಟ್ಟದ್ದಕ್ಕೆ, ತನಗಿಂತ ಮುಂಚೆ ಹೊರಟದ್ದಕ್ಕೆ. ಬಯ್ದು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡಳು.

“ನಮ್ಮಲ್ಲಿ ಮೂರನೇ ದಿನಕ್ಕೆ ಗುಡ್ಡೆ ಮೇಲೆ ಹಾಲು ತುಪ್ಪ ಬಿಡ್ತೀವಿ. ನಿಮ್ಮೋರು ಒಪ್ತಾರಾ?”

“ಬಾ ಅಕ್ಕ, ನಾನೂ ಬರ್ತೀನಿ. ಯಾರು ಏನಂದ್ರೂ ನಾನು ಮಾತಾಡ್ತೀನಿ. ಮೂರನೇ ದಿನ ಅಂದ್ರೆ ನಮಗೂ ದೊಡ್ಡದು.”

“ಯಾಕೆ?”

“ಅವತ್ತು ಹೇಳ್ತೀನಿ.”

ಮುನಿತಾಯಮ್ಮ ಕಲ್ಲಿನ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಓದಲು ಬಾರದು. ಆದರೆ ಇದು ಯಾರ ಜಾಗವೆಂದು ಅಲ್ಲಿ ನೆರೆದವರಲ್ಲಿ ಯಾರೋ ಆಕೆಗೆ ಹೇಳಿಬಿಟ್ಟಿದ್ದರು.

“ನಿನ್ನನ್ನ ಎಲ್ಲಿಗಾಕ್ತಾರೆ ಮತ್ತೆ?”

ದಯಾಮಣಮ್ಮ ಉತ್ತರ ಕೊಡಲು ಹೋಗಿ ನಿಲ್ಲಿಸಿದಳು. ಬಾಯಿಗೆ ಬಂದದ್ದೆಲ್ಲ ಪ್ರಸಂಗದ ಮಾತು, ಗೋಡೆಯ ಮೇಲಿನ ಮೋಡ. ಕಾಂಪೌಂಡಿನ ಆಚೆ, ಮಿಲ್ಲು ಇದ್ದ ಕಡೆ ಎದ್ದ ಎತ್ತರದ ಮನೆಗಳಿಗೆ ಸಂಜೆ ಬಿಸಿಲು ಬಿದ್ದು ಕಿಟಕಿಗಳು ಹೊಳೆಯುತ್ತಿದ್ದವು. ಗಂಡನ ನೆನಪು ಎಂದಿನಂತೆ ನೆಲದ ಕಡೆಗೆ ಎಳೆಯಿತು. ಎಳೆದು, ಅಲ್ಲಿ ನಿಲ್ಲಲು ಜಾಗ ಕಾಣದೆ, ಇನ್ನೆಲ್ಲಿಗೋ ದಾಟಿಕೊಂಡು ಹೋಯಿತು. ಅಷ್ಟು ದೂರ ಹಂಬಲಿಸಿ ಆಕೆಗೆ ಅಭ್ಯಾಸವಿರಲಿಲ್ಲ. ಎದೆ ನೋಯಿತು.

“ಗೊತ್ತಿಲ್ಲ ಅಕ್ಕ. ಎಲ್ಲಿಗೋ ಹಾಕ್ತಾರೆ. ಅವನು ಕರೆದಾಗ ಕೇಳಿಸಿದ್ರೆ ಸಾಕು” ಎಂದಳು.

ಕರೆಯುವವನು ಯಾರು ಎಂದು ಮುನಿತಾಯಮ್ಮ ಕೇಳಲಿಲ್ಲ. ಏಳಲು ಕೈ ಚಾಚಿದಳು, ಮಂಡಿ ಹಿಡಿದುಕೊಂಡಿತ್ತು. ದಯಾಮಣಮ್ಮ ಆ ಕೈ ಹಿಡಿದು ಎಬ್ಬಿಸಿದಳು.